ಹಬ್ಬದ ಕಥೆ: ಪುಸ್ತಕನಾ, ಬೊಂಬೆನಾ, ಕಾರ್ಡಾ?
ಹಬ್ಬದ ರಜೇಲಿ ಪುಟ್ಟ ಮಕ್ಳ ಜೊತೆ ಕಥೆ ಆಡೋಕೆ ಪುಸ್ತಕ, ಕೈಗೆ ಹಾಕ್ಕೊಳ್ಳೋ ಬೊಂಬೆ, ಚಿತ್ರದ ಕಾರ್ಡು, ಈ ಮೂರರಲ್ಲಿ ಯಾವ್ದು ಒಳ್ಳೇದು ಅನ್ನೋ ಪ್ರಶ್ನೆ ಇದ್ರೆ, ಖರ್ಚು ನೋಡಿದ್ರೆ ಬೊಂಬೆನೇ ಸಲೀಸು, ಹಳೇ ಸಾಕ್ಸ್‌ಗೆ ಎರಡು ಗುಂಡಿ ಹೊಲಿದ್ರೆ ಮುಗೀತು. ಮಾತು ಕಮ್ಮಿ ಆಡೋ ಮಕ್ಳೂ ಬೊಂಬೆ ಹತ್ರ ಬಾಯಿ ಬಿಡ್ತಾರೆ, ನಮ್ಮನೆ ಮಗು ನನಗೆ ಉತ್ತರ ಕೊಡದೆ ಸಾಕ್ಸ್ ಕಿವೀಲಿ "ನೀನೂ ಹಬ್ಬಕ್ಕೆ ಬರ್ತೀಯಾ?" ಅಂತ ಪಿಸುಗುಟ್ತಿತ್ತು.

ಆದ್ರೆ ಹೊಸ ಪದ ಜಾಸ್ತಿ ಸಿಗೋದು ಪುಸ್ತಕದಲ್ಲೇ, ನಾವು ದಿನಾ ಆಡದೇ ಇರೋ ಪದ ಅಲ್ಲಿರುತ್ತೆ, ಸುಮ್ನೆ ಓದ್ಕೊಂಡು ಹೋಗ್ಬೇಡಿ, ಮಧ್ಯೆ ನಿಲ್ಸಿ "ಮುಂದೇನಾಗ್ಬೋದು?" ಅಂತ ಕೇಳಿ, ಅದೇ ಪುಸ್ತಕ ಹತ್ತು ಸಲ ಓದಿದ್ರೂ ಬೇಜಾರಾಗೋದು ನಮಗೇ. ಮಲಗೋ ಹೊತ್ತಿಗೆ ಪುಸ್ತಕ, ನೆಂಟರ ಮಕ್ಳೆಲ್ಲ ಸೇರಿದ್ರೆ ಬೊಂಬೆ.

ಚಿತ್ರದ ಕಾರ್ಡು 4-5 ವರ್ಷ ಆದ್ಮೇಲೆ ತನ್ನಿ, ಮೊದ್ಲು ಏನು ಆಮೇಲೆ ಏನು ಅಂತ ಜೋಡ್ಸಿ ಅವ್ರೇ ಕಥೆ ಹೇಳ್ತಾರೆ, ಒಂದು ಕಾರ್ಡ್ ಸೋಫಾ ಕೆಳಗೆ ಹೋದ್ರೆ ಮಾತ್ರ ರಂಪ.