ಕುಡಿತ ಬಿಟ್ಟವನಿಗೆ ಧ್ಯಾನದ ಆ್ಯಪ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಈ ಆ್ಯಪ್‌ನಲ್ಲಿ ಎಷ್ಟು ಪಾಠಗಳಿವೆ, ಯಾವ ಫೋನಿಗೆ ಹೊಂದುತ್ತದೆ ಎಂಬುದೆಲ್ಲ ಅದರ ಪುಟದಲ್ಲೇ ಇದೆ. ನಾನು ಬರೆಯಲು ಕೂತದ್ದು ಅದರ ಮೊದಲ ಪರದೆಯಲ್ಲಿ ಕಾಣುವ, ಕುಡಿಯದ ದಿನಗಳನ್ನು ಎಣಿಸುವ ಒಂದು ಅಂಕಿಯ ಬಗ್ಗೆ.

ನಾನು ಗಂಗೊಳ್ಳಿಯವನು. ಹನ್ನೊಂದು ವರ್ಷ ಬೋಟಿಗೆ ಹೋದೆ, ಈಗ ಬಂದರಿನಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅಂಥ ಒಂದು ಮಳೆಗಾಲದ ಖಾಲಿ ಸಂಜೆಗಳಲ್ಲಿ ನನಗೆ ಕುಡಿತ ಅಂಟಿತು. ಬಿಡಿಸಿದ್ದು ಆಸ್ಪತ್ರೆ, ಆ್ಯಪ್ ಅಲ್ಲ. ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮೊದಲು ವೈದ್ಯರನ್ನು ಕಾಣಿ. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ ಎಂಟು ವಾರದ ಒಂದು ತರಬೇತಿಗೆ ಸೇರಿಸಿದರು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಮತ್ತು ಅವರ ಜತೆಯವರು ರೂಪಿಸಿದ ಕ್ರಮ ಅದು. ಬಿಟ್ಟ ಚಟ ಮರುಕಳಿಸದಂತೆ ಧ್ಯಾನವನ್ನು ಬಳಸುವುದು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 286 ಜನರಿದ್ದರು. ಒಂದು ವರ್ಷ ಕಳೆದಾಗ, ಬೇರೆ ಚಿಕಿತ್ಸೆ ಪಡೆದವರಿಗಿಂತ ಈ ದಾರಿ ಹಿಡಿದವರಲ್ಲಿ ಅಮಲು ಪದಾರ್ಥ ಮುಟ್ಟಿದ ದಿನಗಳೂ ವಿಪರೀತ ಕುಡಿತವೂ ಕಡಿಮೆ ಇದ್ದವು. ತರಬೇತಿ ಮುಗಿದ ಡಿಸೆಂಬರಿನಲ್ಲಿ, ಅಭ್ಯಾಸ ತಪ್ಪದಿರಲಿ ಎಂದು ಅದೇ ಕ್ರಮದ ಈ ಆ್ಯಪ್‌ಗೆ ವರ್ಷಕ್ಕೆ 1,499 ರೂಪಾಯಿ ಕಟ್ಟಿದೆ. ಕ್ವಾರ್ಟರಿಗೆ ಸುರಿಯುತ್ತಿದ್ದುದರ ಮುಂದೆ ಅದೊಂದು ಲೆಕ್ಕವೇ ಅಲ್ಲ.

ಬೆಳಿಗ್ಗೆ ಐದೂವರೆಗೆ ಜಗಲಿಯಲ್ಲಿ ಚಾಪೆ ಹಾಸಿ ಕೂರುತ್ತೇನೆ. ಕಿವಿಗೆ ಇಯರ್‌ಫೋನ್, ಕಾಲ ಮೇಲೆ ಹಳೇ ಬೈರಾಸು. ಅಂಗಾಲಿನಿಂದ ನೆತ್ತಿಯವರೆಗೆ ಮೈಯನ್ನು ಒಂದೊಂದೇ ಕಡೆ ಗಮನಿಸುತ್ತ ಹೋಗುವ ಹತ್ತು ನಿಮಿಷದ ಪಾಠ. ಧ್ವನಿ ಒಳ್ಳೆಯದು. ಭಾಷೆ ಮಾತ್ರ ಪುಸ್ತಕದ್ದು, ‘ಅವಧಾನವನ್ನು ಕೇಂದ್ರೀಕರಿಸಿ’ ಎಂದಾಗ ನಾನು ಮನಸ್ಸಿನಲ್ಲೇ ‘ಅಲ್ಲಿ ನೋಡು’ ಎಂದುಕೊಳ್ಳುತ್ತೇನೆ. ತರಬೇತಿಯ ಮೊದಲ ದಿನ ಒಂದು ಒಣದ್ರಾಕ್ಷಿ ಕೊಟ್ಟು, ಅದನ್ನು ಕಣ್ಣು, ಮೂಗು, ಬೆರಳು, ನಾಲಿಗೆಯಿಂದ ನಿಧಾನಕ್ಕೆ ತಿಳಿಯಲು ಹೇಳಿದ್ದರು. ನಾನು ಅದನ್ನು ಗಂಜಿಯೂಟಕ್ಕೆ ತಂದುಕೊಂಡೆ. ಕುಚ್ಚಲಕ್ಕಿಯ ಬಿಸಿ ಗಂಜಿ, ಮೇಲೆ ಮಾವಿನಮಿಡಿ. ಮೊದಲ ನಾಲ್ಕು ತುತ್ತು ಯಾರೊಡನೆಯೂ ಮಾತಿಲ್ಲ. ಉಪ್ಪು ಮೊದಲು ನಾಲಿಗೆಯ ಅಂಚಿಗೆ ತಾಗುತ್ತದೆ, ಸೊನೆಯ ಘಮ ಆಮೇಲೆ ಮೂಗಿಗೆ ಏರುತ್ತದೆ. ವರ್ಷಗಟ್ಟಲೆ ಸತ್ತಿದ್ದ ನಾಲಿಗೆ ಮರಳಿ ಬಂದದ್ದು ನನಗೆ ಸಿಕ್ಕ ದೊಡ್ಡ ಖುಷಿ.

ನಿಜವಾಗಿ ಕೈಹಿಡಿದದ್ದು ಸಂಜೆಯ ಪಾಠ. ಕೆಲಸ ಮುಗಿಸಿ ಬರುವಾಗ ವೈನ್‌ಶಾಪ್ ದಾಟಲೇಬೇಕು. ಅಲ್ಲಿ ಬಾಯಿ ಒಣಗುತ್ತದೆ, ಎದೆ ಬಿಗಿಯುತ್ತದೆ. ಆ ಬಯಕೆಯನ್ನು ಅಲೆ ಎಂದು ತಿಳಿದು, ತಳ್ಳದೆ, ಅದರ ಹಿಂದೆಯೂ ಹೋಗದೆ ಅದು ಏರಿ ಇಳಿಯುವವರೆಗೆ ಮೈಯಲ್ಲಿ ನೋಡುತ್ತಿರಬೇಕು ಎಂದು ಮಾರ್ಲಟ್ ಹೇಳಿದ್ದರು. ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಅಳಿವೆಯಲ್ಲಿ ತೆರೆ ಬಂದಾಗ ದೋಣಿಯನ್ನು ಅಡ್ಡ ತಿರುಗಿಸಿದರೆ ಮಗುಚುತ್ತದೆ. ಮೂತಿಯನ್ನು ತೆರೆಗೇ ಕೊಟ್ಟು ಹತ್ತಿ ಇಳಿಯಬೇಕು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಗಡಿಯಾರ ನೋಡಿ ಬರೆದಿಟ್ಟಿದ್ದೇನೆ: 22 ನಿಮಿಷ, 17, 25, 9. ಇಳಿಯದೆ ಉಳಿದ ತೆರೆ ಒಂದೂ ಇಲ್ಲ. ಹಸಿದ ದಿನ ಮಾತ್ರ ಹೆಚ್ಚು ಹೊತ್ತು ಹಿಡಿಯುತ್ತದೆ. ‘ಉಂಡ್ಕಂಡ್ ಕೂಕಣಿ’ ಎಂದು ಹೆಂಡತಿ ಹೇಳುತ್ತಿದ್ದುದು ಸರಿಯಾಗಿಯೇ ಇತ್ತು.

ಇಲ್ಲಿಯವರೆಗೆ ಐದು ನಕ್ಷತ್ರ ಕೊಡುತ್ತಿದ್ದೆ.

ಆ್ಯಪ್ ದಿನಾ ರಾತ್ರಿ ‘ಇಂದು ಕುಡಿದಿರಾ?’ ಎಂದು ಕೇಳುತ್ತದೆ. ಇಲ್ಲ ಎಂದರೆ ಅಂಕಿ ಒಂದು ಏರುತ್ತದೆ. ಜುಲೈಯಲ್ಲಿ ಅದು 211 ಆಗಿತ್ತು. ದೊಡ್ಡಪ್ಪನ ಬೊಜ್ಜದ (ಉತ್ತರಕ್ರಿಯೆಯ) ರಾತ್ರಿ ಎರಡು ಪೆಗ್ ಕುಡಿದೆ. ಮನೆಗೆ ಬಂದು ಸುಳ್ಳು ಹೇಳಬಾರದೆಂದು ‘ಹೌದು’ ಒತ್ತಿದೆ. 211 ಅಳಿಸಿಹೋಗಿ ಸೊನ್ನೆ ಬಂತು, ಪಕ್ಕದಲ್ಲಿ ತುಂಡಾದ ಸರಪಳಿಯ ಚಿತ್ರ. ಆ ಸೊನ್ನೆಯನ್ನು ನೋಡುತ್ತ ಕೂತೆ. ಎಲ್ಲ ಹೋಯಿತಲ್ಲ, ಇನ್ನೇನು ಉಳಿಸುವುದು ಅನ್ನಿಸಿತು. ಮುಂದಿನ ನಾಲ್ಕು ದಿನ ಕುಡಿದೆ.

ಐದನೆಯ ದಿನ ಹೆಂಡತಿಯೇ ತರಬೇತಿ ಕೊಟ್ಟ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಆಪ್ತಸಮಾಲೋಚಕಿ ಹೇಳಿದ ಮಾತಿನಿಂದ ನನಗೆ ಸಿಟ್ಟು ಬಂದದ್ದು ಆ್ಯಪ್‌ನ ಮೇಲೆ. ಒಮ್ಮೆ ಜಾರುವುದು ಬೇರೆ, ಪೂರ್ತಿ ಬೀಳುವುದು ಬೇರೆ. ಜಾರಿದವನನ್ನು ಬೀಳಿಸುವುದು ‘ಎಲ್ಲ ಮುಗಿಯಿತು’ ಎಂಬ ನಾಚಿಕೆ. ಇದನ್ನು 1980ರ ದಶಕದಲ್ಲೇ ಬರೆದವರು ಅದೇ ಮಾರ್ಲಟ್. ಅವರ ಪಾಠವನ್ನು ಮಾರುವ ಆ್ಯಪ್, ಅವರು ಎಚ್ಚರಿಸಿದ ಗುಂಡಿಯನ್ನೇ ಮೊದಲ ಪರದೆಯಲ್ಲಿ ತೋಡಿಟ್ಟಿದೆ. ಕುಡಿಯದೆ ಕಳೆದ 211 ಸಂಜೆಗಳು ನನ್ನವು. ಅವನ್ನು ಅಳಿಸುವ ಹಕ್ಕು ಅದಕ್ಕಿಲ್ಲ. ಅಂಕಿ ಮುಚ್ಚುವ ದಾರಿ ಕೊಡಿ ಎಂದು ಮೂರು ಸಲ ಬರೆದೆ, ಉತ್ತರ ಬಂದಿಲ್ಲ.

ಈಗ ರಾತ್ರಿಯ ಪ್ರಶ್ನೆಗೆ ಉತ್ತರಿಸುವುದಿಲ್ಲ. ಬೆಳಗಿನ ಪಾಠ ಕೇಳುತ್ತೇನೆ, ಸಂಜೆಯದು ಬಾಯಿಪಾಠವಾಗಿದೆ. ಲೆಕ್ಕವನ್ನು ಹರಾಜಿನ ಹಳೇ ಪುಸ್ತಕದಲ್ಲಿ ಬರೆಯುತ್ತೇನೆ. ಜುಲೈಯ ಆ ಐದು ದಿನಗಳೂ ಅದರಲ್ಲಿವೆ, ಹಿಂದಿನ 211 ಕೂಡ ಇವೆ. ಮೂರು ನಕ್ಷತ್ರ. ಚಟ ಬಿಟ್ಟು ಹೊಸದಾಗಿ ಹೊರಬಂದವರು ಕೊಳ್ಳುವುದಾದರೆ ಮೊದಲ ದಿನವೇ ಆ ದಿನದೆಣಿಕೆಯ ನೋಟಿಫಿಕೇಶನ್ ಬಂದ್ ಮಾಡಿ, ಜಾರಿದ ರಾತ್ರಿ ಫೋನ್ ಮಾಡಬಹುದಾದ ಒಬ್ಬರ ನಂಬರು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳಿ.