ಬಿಎ ಇಂಗ್ಲಿಷ್ ವಿತ್ ಕ್ರಿಯೇಟಿವ್ ರೈಟಿಂಗ್: ಮೂರು ವರ್ಷ ಓದಿ ಬಂದವಳ ಅಭಿಪ್ರಾಯ

"ಕಥೆ ಬರೆಯೋದನ್ನೂ ಕಾಲೇಜಲ್ಲಿ ಹೇಳಿಕೊಡ್ತಾರಾ?" ಊರಿಗೆ, ಸಾಗರಕ್ಕೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಹೀಗೆ ಕೇಳುತ್ತಾರೆ. ಹೇಳಿಕೊಡುತ್ತಾರೆ. ಪೂರ್ತಿ ಅಲ್ಲ, ಆದರೆ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ.

ನಾನು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ವಿಶ್ವವಿದ್ಯಾಲಯಕ್ಕೆ 2021ರಲ್ಲಿ ಸೇರಿದೆ, 2024ರಲ್ಲಿ ಮುಗಿಸಿದೆ. ಸೇರುವಾಗ ನನಗೆ 36 ವರ್ಷ. ಇಲ್ಲಿ 21 ದಾಟಿ ಡಿಗ್ರಿಗೆ ಸೇರಿದವರನ್ನೆಲ್ಲ ಮೆಚ್ಯೂರ್ ಸ್ಟೂಡೆಂಟ್ ಅನ್ನುತ್ತಾರೆ, ಹಾಗಾಗಿ ವಯಸ್ಸಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲವು ದೂರುಗಳೂ ಇರೋದರಿಂದ ಕಾಲೇಜಿನ ಹೆಸರು ಬರೆಯುವುದಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ನಾಲ್ಕೂ ವರ್ಕ್‌ಶಾಪ್‌ಗೆ.

ಮೊದಲು ವರ್ಕ್‌ಶಾಪ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಹನ್ನೆರಡು ಜನ ಒಂದು ಮೇಜಿನ ಸುತ್ತ ಕೂರುತ್ತೇವೆ. ಆ ವಾರ ಯಾರ ಸರದಿಯೋ ಅವರ ಕಥೆಯನ್ನು ಎಲ್ಲರೂ ಮನೆಯಲ್ಲೇ ಓದಿ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ತಂದಿರುತ್ತಾರೆ. ಇಪ್ಪತ್ತು ನಿಮಿಷ ಅದರ ಬಗ್ಗೆ ಮಾತು. ಬರೆದವರು ಮಾತ್ರ ಬಾಯಿ ಬಿಡುವಂತಿಲ್ಲ. "ಅಯ್ಯೋ, ನಾನು ಹೇಳಿದ್ದು ಹಾಗಲ್ಲ" ಅನ್ನುವಂತಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ರೈಟರ್ಸ್ ವರ್ಕ್‌ಶಾಪ್‌ನಿಂದ ಈ ಪದ್ಧತಿ ಎಲ್ಲ ಕಡೆ ಹಬ್ಬಿತು. ಸುಮ್ನೆ ಕೂತು ಕೇಳೋದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ಆದರೆ ಪುಸ್ತಕ ಅಂಗಡಿಯಲ್ಲಿ ನಿಮ್ಮ ಕಥೆ ಓದುವವರ ಪಕ್ಕದಲ್ಲಿ ನಿಂತು ನೀವು ವಿವರಣೆ ಕೊಡೋಕೆ ಆಗುತ್ತಾ? ಇಲ್ಲ ಅಲ್ವಾ. ಅದನ್ನೇ ಇಲ್ಲಿ ಅಭ್ಯಾಸ ಮಾಡಿಸುತ್ತಾರೆ.

ನನ್ನ ಮೊದಲ ಕಥೆ ಅಡಿಕೆ ಸುಗ್ಗಿಯದು. ಅಂಗಳದಲ್ಲಿ ರಾತ್ರಿ ಲೈಟು ಹಾಕಿಕೊಂಡು ಅಡಿಕೆ ಸುಲಿಯುತ್ತಾ ಕೂತ ನನ್ನ ಅಜ್ಜಿ, ಅವತ್ತೇ ಬೆಳಿಗ್ಗೆ ಅವರ ತಮ್ಮ ತೀರಿಹೋದ ಸುದ್ದಿ ಬಂದಿರುತ್ತದೆ. "ಆ ರಾತ್ರಿ ಅಜ್ಜಿಗೆ ತುಂಬಾ ದುಃಖವಾಗಿತ್ತು" ಅಂತ ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಎರಡನೇ ಸಾಲಿನಲ್ಲಿ ಮೆಟ್ಟುಗತ್ತಿ ಅನ್ನೋ ಪದ ಇಟ್ಟು, ಮುಂದೆ ಕಾಮಾ ಹಾಕಿ, ಅದು ಹಲಗೆಗೆ ಕೂರಿಸಿದ ಬಾಗಿದ ಕತ್ತಿ, ಅಡಿಕೆ ಸಿಪ್ಪೆ ಸುಲಿಯಲು ಬಳಸುತ್ತಾರೆ ಅಂತ ಉದ್ದಕ್ಕೆ ವಿವರಿಸಿದ್ದೆ. ಮೂರನೇ ಪುಟದಲ್ಲೆಲ್ಲೋ, ಸೋಪು ಹಾಕಿ ಎಷ್ಟು ತಿಕ್ಕಿದರೂ ಅಡಿಕೆ ಚೊಗರಿನ ಕಪ್ಪು ಅಜ್ಜಿಯ ಬೆರಳಿನಿಂದ ಹೋಗುತ್ತಿರಲಿಲ್ಲ ಅನ್ನೋ ಒಂದು ಸಾಲು ಬಂದಿತ್ತು. ಅದನ್ನು ನಾನು ಬೇಕು ಅಂತ ಬರೆದದ್ದೂ ಅಲ್ಲ.

ಎದುರಿಗೆ ಕೂತಿದ್ದ ಹತ್ತೊಂಬತ್ತರ ಹುಡುಗ, ಅಡಿಕೆ ಮರ ಕಣ್ಣಲ್ಲೇ ಕಾಣದವನು, ಆ ಬೆರಳಿನ ಸಾಲಿಗೆ ಎರಡು ಗೆರೆ ಎಳೆದು ತಂದಿದ್ದ. "ದುಃಖ ಅಂತ ಹೇಳಿದ್ದು ನನಗೆ ಕಾಣಲಿಲ್ಲ, ಈ ಬೆರಳು ಕಂಡಿತು" ಅಂದ. ಮೇಷ್ಟ್ರು ಮೆಟ್ಟುಗತ್ತಿಯ ವಿವರಣೆಯನ್ನು ಪೂರ್ತಿ ಹೊಡೆದುಹಾಕಿದ್ದರು. ಪದ ಮಾತ್ರ ಉಳಿಸಿದ್ದರು. ಅಂಚಿನಲ್ಲಿ ಬರೆದದ್ದು ಇಷ್ಟೇ: ಅವರ ಕೈಗೆ ಕೊಡಿ, ಅವರು ಬಳಸಲಿ, ನಾವು ನೋಡಿಕೊಳ್ಳುತ್ತೇವೆ. ಮನೆಗೆ ಬಂದು ಮತ್ತೆ ಬರೆದೆ. ಅಜ್ಜಿ ಹಲಗೆಯನ್ನು ಮೆಟ್ಟಿಕೊಂಡು ಕೂತರು, ಬುಟ್ಟಿಗೆ ಕೈ ಹಾಕಿದರು, ಸುಲಿದರು, ಯಾರು ಮಾತಾಡಿಸಿದರೂ ಹ್ಞೂಂ ಅಂದರು, ಬೆಳಗಿನ ಜಾವದವರೆಗೆ ಎದ್ದೇಳಲಿಲ್ಲ. ದುಃಖ ಅನ್ನೋ ಪದ ಕಥೆಯಲ್ಲಿ ಎಲ್ಲೂ ಉಳಿಯಲಿಲ್ಲ. ಈ ಒಂದು ಪಾಠಕ್ಕೆ ಫೀಸು ಕೊಟ್ಟಿದ್ದೀನಿ ಅಂತ ಈಗಲೂ ಅನ್ನಿಸುತ್ತದೆ.

ಇನ್ನು ಓದು. ಸೇರುವ ಮುಂಚೆ ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಡಿಗ್ರಿಗೆ 360 ಕ್ರೆಡಿಟ್, ವರ್ಷಕ್ಕೆ 120. ನಮ್ಮಲ್ಲಿ ಅರ್ಧಕ್ಕರ್ಧ ಸಾಹಿತ್ಯದ ಪೇಪರುಗಳೇ. ಷೇಕ್ಸ್‌ಪಿಯರ್, ವಿಕ್ಟೋರಿಯನ್ ಕಾದಂಬರಿ, ವಸಾಹತು ನಂತರದ ಸಾಹಿತ್ಯ ಎಲ್ಲ ಇತ್ತು. ವಾರಕ್ಕೊಂದು ದಪ್ಪ ಕಾದಂಬರಿ ಮುಗಿಸಿ ಕ್ಲಾಸಿಗೆ ಹೋಗಬೇಕು, ಜೊತೆಗೆ ಪ್ರಬಂಧ. ಬರೆಯೋಕೆ ಇಷ್ಟ, ಓದೋಕೆ ಬೇಜಾರು ಅನ್ನುವವರು ಮೊದಲ ಟರ್ಮಿನಲ್ಲೇ ಸುಸ್ತಾಗುತ್ತಾರೆ. ನಮ್ಮ ಕ್ಲಾಸಿನಲ್ಲಿ ಇಬ್ಬರು ಬಿಟ್ಟೂ ಹೋದರು.

ಕವಿತೆಯ ಪೇಪರು ನನಗೆ ತುಂಬಾ ಹಿಡಿಸಿತು. ಶಾಲೆಯಲ್ಲಿ ಲಘು ಗುರು ಹಾಕಿ, ಪ್ರಸ್ತಾರ ಹಾಕಿ, ಭಾಮಿನಿ ಷಟ್ಪದಿಯ ಮೂರು ನಾಲ್ಕು ಮೂರು ನಾಲ್ಕು ಎಣಿಸಿದವರಿಗೆ ಛಂದಸ್ಸು ಅಂದರೆ ಭಯ ಇರೋದಿಲ್ಲ. ಆದರೆ ಆ ಲೆಕ್ಕ ಇಲ್ಲಿ ನಡೆಯೋದಿಲ್ಲ. ನಮ್ಮದು ಮಾತ್ರೆಯ ಲೆಕ್ಕ, ಎಷ್ಟು ಹೊತ್ತು ಎಳೆಯುತ್ತೇವೆ ಅನ್ನೋದು. ಇಂಗ್ಲಿಷಿನದು ಒತ್ತಿನ ಲೆಕ್ಕ, ಪದದ ಯಾವ ಭಾಗದ ಮೇಲೆ ಭಾರ ಬೀಳುತ್ತದೆ ಅನ್ನೋದು. ಸಾನೆಟ್‌ನ ಹದಿನಾಲ್ಕು ಸಾಲು, ಸಾಲಿಗೆ ಐದು ಒತ್ತು. ಕಿವಿಯನ್ನು ಹೊಸದಾಗಿ ಪಳಗಿಸಬೇಕಾಯಿತು, ಎರಡು ತಿಂಗಳು ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿಕೊಂಡೇ ಓದಿದೆ. ವಿಲನೆಲ್ ಅಂತ ಹತ್ತೊಂಬತ್ತು ಸಾಲಿನ ಒಂದು ಪ್ರಕಾರ ಇದೆ, ಅದರಲ್ಲಿ ಎರಡು ಸಾಲು ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುತ್ತವೆ. ಅದು ಮಾತ್ರ ನನಗೆ ಒಂದೇ ಸಲಕ್ಕೆ ಕೈಗೆ ಬಂತು. ಭಜನೆ ಕೇಳಿ ಬೆಳೆದದ್ದಕ್ಕೆ ಇರಬೇಕು.

ಪರೀಕ್ಷೆ ಅಂತ ಇರಲಿಲ್ಲ. ಟರ್ಮಿನ ಕೊನೆಗೆ ಕಥೆ ಅಥವಾ ಕವಿತೆಗಳನ್ನು ಜೋಡಿಸಿ ಪೋರ್ಟ್‌ಫೋಲಿಯೊ ಕೊಡಬೇಕು. ಅದರ ಜೊತೆ ಒಂದು ಸಾವಿರ ಪದಗಳ ಟಿಪ್ಪಣಿ. ಯಾಕೆ 'ನಾನು' ಅಂತ ಬರೆದೆ, ಯಾಕೆ 'ಅವಳು' ಅಂತ ಬರೆಯಲಿಲ್ಲ, ಯಾವ ದೃಶ್ಯ ಕಿತ್ತುಹಾಕಿದೆ, ಯಾರನ್ನು ಓದಿ ಏನು ಕಲಿತೆ, ಎಲ್ಲಕ್ಕೂ ಲೆಕ್ಕ ಕೊಡಬೇಕು. ಮೊದಲು ಇದು ದಂಡ ಅನ್ನಿಸಿತ್ತು. ಈಗ ಬರೆಯುವಾಗಲೂ ಅದೇ ಪ್ರಶ್ನೆಗಳು ತಾವಾಗಿ ಬರುತ್ತವೆ. ಅಂಕದ ವಿಷಯಕ್ಕೆ ಗಾಬರಿ ಬೀಳಬೇಡಿ. ನನ್ನ ಮೊದಲ ಕಥೆಗೆ 62 ಬಂದಾಗ ಬಸ್ಸಿನಲ್ಲಿ ಅತ್ತಿದ್ದೆ, ನಮ್ಮ ಕಡೆ 62 ಅಂದರೆ ಮನೆಯಲ್ಲಿ ಹೇಳೋಕೂ ಸಂಕೋಚ. ಇಲ್ಲಿ 70 ಬಂದರೆ ಫಸ್ಟ್ ಕ್ಲಾಸ್. 60ರಿಂದ 69 ಒಳ್ಳೆಯ ಅಂಕ. ಮೊದಲ ವರ್ಷದ ಅಂಕ ಹೆಚ್ಚಿನ ಕಡೆ ಡಿಗ್ರಿ ಲೆಕ್ಕಕ್ಕೇ ಬರೋದಿಲ್ಲ, ಪಾಸಾದರೆ ಸಾಕು.

ಮಲೆನಾಡಿನ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯೋದು ಸರಿಯಾ ಅಂತ ಎರಡನೇ ವರ್ಷ ಪೂರ್ತಿ ಮನಸ್ಸಿಗೆ ಕಸಿವಿಸಿ. ಆಗ ನೆನಪಾದವರು ಅನಂತಮೂರ್ತಿ. ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲಿಷಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗಲೇ 'ಸಂಸ್ಕಾರ' ಬರೆದರು, ಅದು 1965ರಲ್ಲಿ ಬಂತು. ಅಲ್ಲಿ ಅವರ ಮೇಷ್ಟ್ರಾಗಿದ್ದವರು ಮಾಲ್ಕಮ್ ಬ್ರಾಡ್‌ಬರಿ. ಅದೇ ಬ್ರಾಡ್‌ಬರಿ ಆಮೇಲೆ ನಾರಿಚ್‌ನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, 1970ರಲ್ಲಿ ಆಂಗಸ್ ವಿಲ್ಸನ್ ಜೊತೆ ಸೇರಿ ಕ್ರಿಯೇಟಿವ್ ರೈಟಿಂಗ್ ಎಂಎ ಶುರು ಮಾಡಿದರು. ಬ್ರಿಟನ್ನಿನಲ್ಲಿ ಈ ಓದಿಗೆ ದಾರಿ ಹಾಕಿದ ಕೋರ್ಸು ಅದು. 2017ರಲ್ಲಿ ನೊಬೆಲ್ ಪಡೆದ ಕಜುವೊ ಇಶಿಗುರೊ ಅಲ್ಲೇ ಓದಿದವರು. ಅಂದರೆ ನಾನು ಕೂತಿದ್ದ ಮೇಜಿಗೂ ಅನಂತಮೂರ್ತಿಯವರ ಊರು, ನಮ್ಮ ಪಕ್ಕದ ತೀರ್ಥಹಳ್ಳಿಗೂ ನಡುವೆ ಒಬ್ಬರೇ ಮೇಷ್ಟ್ರು! ಅವತ್ತೇ ನಮ್ಮ ಮೇಷ್ಟ್ರ ಹತ್ತಿರ ಹೋಗಿ, ಮೊದಲ ಕರಡನ್ನು ಕನ್ನಡದಲ್ಲೇ ಬರೆದುಕೊಳ್ಳಲಾ ಅಂತ ಕೇಳಿದೆ. ಧಾರಾಳವಾಗಿ ಬರೆಯಿರಿ, ಇಂಗ್ಲಿಷಿಗೆ ತರುವಾಗ ಏನು ಬಿಟ್ಟುಹೋಯಿತು ಅನ್ನೋದನ್ನು ಟಿಪ್ಪಣಿಯಲ್ಲಿ ಬರೆಯಿರಿ ಅಂದರು. ನನಗೆ 70 ದಾಟಿದ ಮೊದಲ ಪೋರ್ಟ್‌ಫೋಲಿಯೊ ಅದು.

ಈಗ ಒಂದು ಸ್ಟಾರ್ ಕಡಿಮೆ ಮಾಡಿದ್ದು ಯಾಕೆ ಅಂತ. ಮೂರನೇ ವರ್ಷ ದೊಡ್ಡ ಪ್ರಾಜೆಕ್ಟ್‌ನ ನಡುವೆ ನನ್ನ ಗೈಡ್ ಕೆಲಸ ಬಿಟ್ಟರು. ಬೇರೆಯವರು ಬರೋಕೆ ಏಳು ವಾರ ಆಯಿತು, ಬಂದವರು ಕವಿ, ನನ್ನದು ಕಾದಂಬರಿಯ ಮೊದಲ ಅಧ್ಯಾಯಗಳು. ಅದೇ ವರ್ಷ ವರ್ಕ್‌ಶಾಪ್‌ಗೆ ಹನ್ನೆರಡರ ಬದಲು ಇಪ್ಪತ್ತು ಜನರನ್ನು ತುಂಬಿದರು. ಟರ್ಮಿಗೆ ಮೂರು ಸಲ ಸಿಗುತ್ತಿದ್ದ ಸರದಿ ಒಂದೇ ಸಲ ಸಿಕ್ಕಿತು. ದೂರು ಬರೆದೆವು, ಕ್ಷಮಾಪಣೆಯ ಮೇಲ್ ಬಂತು, ಸರದಿ ಬರಲಿಲ್ಲ. ವರ್ಕ್‌ಶಾಪೇ ಈ ಓದಿನ ಜೀವ ಆಗಿರುವಾಗ ಅಲ್ಲೇ ಕೈ ಬಿಗಿ ಮಾಡಿದ್ದು ನನಗೆ ಇವತ್ತಿಗೂ ನೋವು.

ದುಡ್ಡು. ನಾನು ಓದುವಾಗ ಇಲ್ಲಿಯವರಿಗೆ ಫೀಸು ವರ್ಷಕ್ಕೆ 9,250 ಪೌಂಡ್. 2025ರಲ್ಲಿ ಅದು 9,535 ಆಯಿತು. ಇಲ್ಲಿ ಕಾಯಂ ವಾಸದ ಹಕ್ಕು ಇದ್ದದ್ದರಿಂದ ನನಗೆ ಸರ್ಕಾರಿ ಸಾಲ ಸಿಕ್ಕಿತು. 2023ರ ಆಗಸ್ಟ್‌ನಿಂದೀಚೆಗೆ ಇಂಗ್ಲೆಂಡಿನಲ್ಲಿ ಸೇರಿದವರು ಈ ಸಾಲ ತೀರಿಸೋದು ಹೀಗೆ: ಸಂಬಳ ವರ್ಷಕ್ಕೆ 25,000 ಪೌಂಡ್ ದಾಟಿದ ಮೇಲೆ, ದಾಟಿದ ಭಾಗದಲ್ಲಿ ನೂರಕ್ಕೆ ಒಂಬತ್ತು ಕಡಿತ, ನಲವತ್ತು ವರ್ಷಕ್ಕೆ ಉಳಿದದ್ದು ಮನ್ನಾ. ಆದರೆ ಊರಿಂದ ವಿದೇಶಿ ವಿದ್ಯಾರ್ಥಿಯಾಗಿ ಬಂದರೆ ಫೀಸು ಇದಕ್ಕಿಂತ ತುಂಬಾ ಜಾಸ್ತಿ, ಈ ಸಾಲವೂ ಇಲ್ಲ. ತೋಟ ಅಡ ಇಟ್ಟು ಈ ಡಿಗ್ರಿಗೆ ಬರಬೇಡಿ, ನನ್ನ ತಮ್ಮನ ಮಗಳಿಗೂ ಇದನ್ನೇ ಹೇಳಿದ್ದೇನೆ. ಬರೆಯೋದು ಕಲಿಯಬೇಕು ಅಂತಿದ್ದರೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕ್ರಿಯೇಟಿವ್ ರೈಟಿಂಗ್ ಡಿಪ್ಲೊಮಾ ಇದೆ, ಕಥೆ, ಕವಿತೆ, ಲೇಖನ, ರೇಡಿಯೊ ಟಿವಿ ಬರವಣಿಗೆ ಎಲ್ಲ ಅದರಲ್ಲಿ ಬರುತ್ತದೆ. ಕೆಲಸದ ವಿಷಯ ಅಂದರೆ, ನಾನೀಗ ಒಂದು ಸಣ್ಣ ಸಂಸ್ಥೆಯಲ್ಲಿ ಕಾಪಿ ಎಡಿಟರ್, ಸಂಬಳ ಸಾಧಾರಣ.

ಇಲ್ಲೇ ಇದ್ದು ಸೇರುವ ಯೋಚನೆ ಇದ್ದರೆ ಓಪನ್ ಡೇಗೆ ಹೋಗಿ. ಲೈಬ್ರರಿ, ಹಾಸ್ಟೆಲ್ ಎಲ್ಲ ತೋರಿಸುತ್ತಾರೆ, ಅದು ಹೇಗಿದ್ದರೂ ನಡೆಯುತ್ತದೆ. ಮೂರನೇ ವರ್ಷದ ವರ್ಕ್‌ಶಾಪ್‌ನಲ್ಲಿ ಎಷ್ಟು ಜನ ಇರುತ್ತಾರೆ, ಒಬ್ಬರಿಗೆ ಟರ್ಮಿಗೆ ಎಷ್ಟು ಸರದಿ ಅಂತ ಕೇಳಿ. ಮೇಜಿನ ಹಿಂದೆ ಕೂತವರನ್ನಲ್ಲ, ನಿಮ್ಮನ್ನು ಸುತ್ತಾಡಿಸೋಕೆ ಬಂದ ಮೂರನೇ ವರ್ಷದ ಹುಡುಗ ಹುಡುಗಿಯರನ್ನು ಕೇಳಿ.