ಕ್ರ್ಯಾನ್‌ಬೆರಿ ಸಿಹಿ: ಪಾಯಸವೋ, ಕೇಕೋ, ಕೊಬ್ಬರಿ ಮಿಠಾಯಿಯೋ?

ಕ್ರ್ಯಾನ್‌ಬೆರಿ ಪ್ಯಾಕೆಟ್ ಮನೆಗೆ ಬಂದಿದ್ದರೆ ಮೊದಲು ಕೊಬ್ಬರಿ ಮಿಠಾಯಿ ಮಾಡಿ. ಮಿಕ್ಕಿದ್ದೆಲ್ಲ ಆಮೇಲೆ. ಪಾಯಸ, ಕೇಸರಿಬಾತ್, ಶ್ರೀಖಂಡ, ಕೇಕು ಎಲ್ಲವನ್ನೂ ತುಮಕೂರಿನ ನಮ್ಮ ಅಡುಗೆಮನೆಯಲ್ಲಿ ಮಾಡಿ ತಿಂದಾಯಿತು. ಮತ್ತೆ ಮಾಡು ಅಂತ ಮನೆಯಲ್ಲಿ ಎಲ್ಲರೂ ಕೇಳಿದ್ದು ಮಿಠಾಯಿಯನ್ನು ಮಾತ್ರ.

ಇಷ್ಟೆಲ್ಲ ಮಾಡಬೇಕಾಗಿ ಬಂದಿದ್ದು ಒಂದು ಆಫರ್‌ನಿಂದ. ಆನ್‌ಲೈನಿನಲ್ಲಿ ಕಾಲು ಕೆಜಿಗೆ ಹೋಲಿಸಿದರೆ ಒಂದು ಕೆಜಿ ಪ್ಯಾಕೆಟ್ಟೇ ಲಾಭ ಅನ್ನಿಸಿತು, ತರಿಸಿದೆ. ಸಾವಿರಕ್ಕೆ ಚೂರು ಕಡಿಮೆ ಬಿತ್ತು. ಅತ್ತೆ ಎರಡು ಹಣ್ಣು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಅಗಿದರು. "ಹುಣಸೆಹಣ್ಣಿಗೆ ಸಕ್ಕರೆ ಕಲಸಿದ ಹಾಗಿದೆ. ಹುಣಸೆಹಣ್ಣಿನ ಊರಲ್ಲಿ ಕೂತ್ಕೊಂಡು ಇದಕ್ಕೆ ಸಾವಿರ ರೂಪಾಯಿ ಕೊಟ್ಟೆಯಾ ತಾಯಿ?" ಅಂದರು. ಅವರ ನಾಲಿಗೆ ಸರಿಯಾಗೇ ಹೇಳಿತ್ತು.

ಇದು ಅಮೆರಿಕ, ಕೆನಡಾ ಕಡೆಯ ಹಣ್ಣು. ಅಮೆರಿಕದಲ್ಲಿ ಅತಿ ಹೆಚ್ಚು ಬೆಳೆಯುವುದು ವಿಸ್ಕಾನ್ಸಿನ್ ರಾಜ್ಯದಲ್ಲಿ. ಕೊಯ್ಲಿನ ಹೊತ್ತಿಗೆ ತೋಟಕ್ಕೇ ನೀರು ತುಂಬಿಸುತ್ತಾರೆ. ಹಣ್ಣಿನೊಳಗೆ ಗಾಳಿ ಇರುವುದರಿಂದ ಎಲ್ಲ ತೇಲಿಕೊಂಡು ಮೇಲೆ ಬರುತ್ತದೆ, ಒಂದು ಕಡೆಗೆ ತಳ್ಳಿ ತೆಗೆಯುತ್ತಾರೆ. ಹಸಿ ಹಣ್ಣಿನಲ್ಲಿ 100 ಗ್ರಾಂಗೆ ಸಕ್ಕರೆ 4 ಗ್ರಾಂನಷ್ಟು ಮಾತ್ರ, ಬಾಯಿಗಿಟ್ಟರೆ ಕಣ್ಣು ಮುಚ್ಚಬೇಕು. ನಮಗೆ ಸಿಗುವ ಒಣ ಹಣ್ಣಿನ ಕಥೆಯೇ ಬೇರೆ. ಸಾಮಾನ್ಯವಾಗಿ ರಸ ತೆಗೆದು, ಸಕ್ಕರೆ ಪಾಕ ಹೀರಿಸಿ, ಒಣಗಿಸಿ, ಅಂಟದಿರಲಿ ಅಂತ ಸೂರ್ಯಕಾಂತಿ ಎಣ್ಣೆ ಸವರಿರುತ್ತಾರೆ. ನನ್ನ ಪ್ಯಾಕೆಟ್ಟಿನ ಹಿಂದೆ 100 ಗ್ರಾಂಗೆ ಸಕ್ಕರೆ 65 ಗ್ರಾಂ ದಾಟಿತ್ತು. ಆರೋಗ್ಯಕ್ಕೆ ಒಳ್ಳೇದು ಅಂತ ಹಿಡಿಹಿಡಿಯಾಗಿ ತಿನ್ನುವವರು ಆ ಚೀಟಿ ಒಮ್ಮೆ ಓದಲಿ. ಇಷ್ಟು ಸಕ್ಕರೆ ತುಂಬಿದರೂ ಹುಳಿ ಮಾತ್ರ ಹೋಗಿರುವುದಿಲ್ಲ. ಪಾಯಸದಲ್ಲಿ ಆಟ ಆಡಿಸುವುದು ಅದೇ.

ಪಾಯಸದ ಮೇಲೆ ನನಗೆ ತುಂಬಾ ಆಸೆ ಇತ್ತು. ದ್ರಾಕ್ಷಿ ಬದಲು ಇದನ್ನು ಹಾಕಿದರಾಯಿತು ಅಲ್ವಾ? ಹಾಗಂತ ಎಲ್ಲ ಕಡೆ ಹೇಳುತ್ತಾರೆ. ತುಪ್ಪದಲ್ಲಿ ಗೋಡಂಬಿ ಜೊತೆ ಬಾಡಿಸಿ, ಕುದಿಯುತ್ತಿರುವ ಶಾವಿಗೆ ಪಾಯಸಕ್ಕೆ ಸುರಿದು ಸೌಟಾಡಿಸಿ, ಒಂದೈದು ನಿಮಿಷ ನೋಡಿ. ಪಾತ್ರೆಯ ಅಂಚಿನಲ್ಲಿ ಸಣ್ಣ ಸಣ್ಣ ಬಿಳಿ ಚೂರು ಕಾಣಿಸುತ್ತವೆ. ಅವುಗಳ ನಡುವೆ ತಿಳಿಹಳದಿ ನೀರು. ಹಾಲು ಒಡೆದಿದೆ, ಇನ್ನು ಏನು ಮಾಡಿದರೂ ಒಂದಾಗುವುದಿಲ್ಲ. ತಣ್ಣಗಿರುವ ಹಾಲು ಒಂದಿಷ್ಟು ಹುಳಿ ತಡೆದುಕೊಳ್ಳುತ್ತದೆ, ಕುದಿಯುವ ಹಾಲಿಗೆ ಸ್ವಲ್ಪ ಬಿದ್ದರೂ ಸಾಕು. ದ್ರಾಕ್ಷಿ ಹಾಕಿದಾಗ ಈ ತಾಪತ್ರಯ ಇರಲಿಲ್ಲ.

ಇದಕ್ಕೆ ಪರಿಹಾರ ಇದೆ. ಒಲೆ ಆರಿಸಿ, ಪಾಯಸ ಉಗುರುಬೆಚ್ಚಗಾದ ಮೇಲೆ ಹಣ್ಣು ಹಾಕಿ. ಒಡೆಯುವುದಿಲ್ಲ. ಆಗಲೇ ಬಡಿಸಿ ತಿಂದರೆ ನಿಜಕ್ಕೂ ಚೆನ್ನಾಗಿರುತ್ತದೆ. ಸಿಹಿ ಸಿಹಿ ಶಾವಿಗೆ ನಡುವೆ ಹಲ್ಲಿಗೆ ಸಿಕ್ಕಿದಾಗ ಒಂದು ಚುರುಕು ಹುಳಿ. ಆದರೆ "ಆಗಲೇ ತಿಂದರೆ" ಅನ್ನುವುದು ನಮ್ಮ ಮನೆಗೆ ಆಗುವ ಮಾತಲ್ಲ. ನಮ್ಮ ಮನೆಯವರು ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋದರೆ ವಾಪಸ್ ಬರುವುದು ರಾತ್ರಿ ಒಂಬತ್ತರ ಮೇಲೆ. ರೈಲು ತಡವಾದರೆ ಇನ್ನೂ ಲೇಟು. ಅತ್ತೆಗೆ ಏಳೂವರೆಗೆಲ್ಲ ಊಟ ಮುಗಿದಿರಬೇಕು. ಮಗಳು ಟ್ಯೂಷನ್ ಮುಗಿಸಿಕೊಂಡು ಎಂಟಕ್ಕೆ ಬರುತ್ತಾಳೆ. ಹಾಗಾಗಿ ನಮ್ಮಲ್ಲಿ ಪಾಯಸ ಮತ್ತೆ ಮತ್ತೆ ಬಿಸಿಯಾಗಲೇಬೇಕು. ಅಷ್ಟು ಹೊತ್ತು ನೆನೆದ ಹಣ್ಣು ಹುಳಿಯನ್ನೆಲ್ಲ ಹಾಲಿಗೆ ಬಿಟ್ಟಿರುತ್ತದೆ, ಕೊನೆಯ ಸಲ ಒಲೆ ಮೇಲೆ ಇಟ್ಟಾಗ ಒಡೆಯುತ್ತದೆ. ರೈಲಿನಲ್ಲಿ ನಿಂತುಕೊಂಡು ಬಂದವರಿಗೆ ಒಡೆದ ಪಾಯಸ ಬಡಿಸೋದಾ?

ಬಿಸಿ ನೀರಲ್ಲಿ ನೆನೆಸಿ ಹಿಂಡಿ ಹಾಕಿಯೂ ನೋಡಿದೆ. ಹಾಲು ಉಳಿಯಿತು, ಹಣ್ಣು ಸಪ್ಪೆಯಾಯಿತು. ರುಚಿಯೆಲ್ಲ ಹಿಂಡಿದ ನೀರಿಗೆ ಹೋಗಿತ್ತು, ಅದನ್ನು ಮಗಳು ಐಸ್ ಹಾಕಿಕೊಂಡು ಕುಡಿದಳು. ಹಣ್ಣನ್ನು ಬೇರೆ ಬಟ್ಟಲಲ್ಲಿಟ್ಟು ಒಬ್ಬೊಬ್ಬರಿಗೂ ಬಡಿಸುವಾಗ ಉದುರಿಸುವುದು ಇನ್ನೊಂದು ದಾರಿ. ಅದಕ್ಕೆ ನಾನು ರಾತ್ರಿ ಒಂಬತ್ತೂವರೆವರೆಗೆ ಅಡುಗೆಮನೆ ಕಾಯಬೇಕು. ಬೇಡಪ್ಪ. ದ್ರಾಕ್ಷಿಯೇ ಇರಲಿ.

ಕೇಸರಿಬಾತ್ ಪರವಾಗಿಲ್ಲ, ಅಷ್ಟೇ. ತುಪ್ಪದಲ್ಲಿ ಬಿದ್ದ ದ್ರಾಕ್ಷಿ ಗುಂಡಗೆ ಉಬ್ಬುತ್ತದಲ್ಲ, ಇದು ಉಬ್ಬುವುದಿಲ್ಲ. ಅಂಚು ಕಪ್ಪಾಗಿ ಗಟ್ಟಿಯಾಗುತ್ತದೆ.

ಶ್ರೀಖಂಡಕ್ಕೆ ಎರಡನೇ ಸ್ಥಾನ ಕೊಡುತ್ತೇನೆ. ಮೊಸರು ಮೊದಲೇ ಹುಳಿ, ಒಡೆಯುವ ಭಯ ಇಲ್ಲ, ಒಲೆಯ ಕೆಲಸವೂ ಇಲ್ಲ. ರಾತ್ರಿ ಪಂಚೆ ಬಟ್ಟೆಯಲ್ಲಿ ಗಟ್ಟಿ ಮೊಸರು ಕಟ್ಟಿ ನಲ್ಲಿಗೆ ನೇತುಹಾಕಿ. ಬೆಳಿಗ್ಗೆ ಸಕ್ಕರೆ ಪುಡಿ, ಏಲಕ್ಕಿ, ಹೆಚ್ಚಿದ ಹಣ್ಣು ಕಲಸಿ ಫ್ರಿಜ್ಜಿನಲ್ಲಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹಣ್ಣು ಮೆತ್ತಗಾಗಿ ಸುತ್ತ ತೆಳು ಗುಲಾಬಿ ಬಣ್ಣ ಬಿಟ್ಟಿರುತ್ತದೆ. ನೋಡೋಕೆ ಚಂದ. ಆದರೆ ಒಂದು ಲೀಟರ್ ಮೊಸರು ಬಸಿದರೆ ನಾಲ್ಕು ಜನಕ್ಕೆ ಒಂದೊಂದು ಸಣ್ಣ ಬಟ್ಟಲು. ನೆಂಟರು ಬಂದರೆ ಲೆಕ್ಕ ತಪ್ಪುತ್ತದೆ. ಪೂರಿ ಜೊತೆ ತಿನ್ನುವ ಮನೆಯಾದರಂತೂ ಕೇಳಲೇಬೇಡಿ.

ಕೇಕನ್ನು ಮಗಳಿಗಾಗಿ ಕುಕ್ಕರಿನಲ್ಲಿ ಮಾಡಿದೆ. ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಹರಡಿ ಮಾಡುವ ಮೊಟ್ಟೆ ಇಲ್ಲದ ಕೇಕು. ಹಣ್ಣನ್ನು ಮೈದಾದಲ್ಲಿ ಹೊರಳಿಸಿ ಹಾಕಿದರೂ ಅರ್ಧಕ್ಕರ್ಧ ತಳಕ್ಕೇ ಹೋಗಿ ಕೂರುತ್ತದೆ. ಸೋಡಾ ಹಾಕುವಾಗ ಕೈ ಬಿಗಿ ಇರಲಿ. ಈ ಕೆಂಪು ಬಣ್ಣ ಹುಳಿ ಇದ್ದರಷ್ಟೇ ಕೆಂಪು. ಸೋಡಾ ಮೇಲಾದರೆ ನೀಲಿ, ಹಸಿರು ಕಡೆಗೆ ತಿರುಗುತ್ತದೆ, ಕತ್ತರಿಸಿದ ತುಂಡಿನಲ್ಲಿ ಹಣ್ಣಿನ ಸುತ್ತ ಬೂಷ್ಟು ಹಿಡಿದಿದೆಯೇನೋ ಅನ್ನಿಸುತ್ತದೆ. ಕಿತ್ತಳೆ ಸಿಪ್ಪೆ ಸ್ವಲ್ಪ ತುರಿದು ಹಾಕಿದರೆ ರುಚಿ ಏರುತ್ತದೆ. ಇಷ್ಟಾಗಿಯೂ ಟುಟಿ ಫ್ರೂಟಿ ಕೇಕಿಗಿಂತ ಇದು ಮೇಲು, ಆದರೆ ಮುಕ್ಕಾಲು ಗಂಟೆ ಗ್ಯಾಸ್ ಉರಿಸುವಷ್ಟು ಮೇಲಲ್ಲ.

ಫ್ರೋಜನ್ ಹಣ್ಣನ್ನು ಬೆಂಗಳೂರಿನಿಂದ ತರಿಸಿದ್ದೂ ಆಯಿತು. ರುಚಿಯಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ, ಒಪ್ಪಿದೆ. ಸಕ್ಕರೆ, ನೀರು ಹಾಕಿ ಕುದಿಸಿದರೆ ಹಣ್ಣು ಚಟ್ ಚಟ್ ಅಂತ ಒಡೆಯುತ್ತದೆ. ಅದರಲ್ಲಿ ಪೆಕ್ಟಿನ್ ಜಾಸ್ತಿ ಇರುವುದರಿಂದ ಆರಿದ ಮೇಲೆ ತಾನಾಗೇ ಜೆಲ್ಲಿ ಆಗುತ್ತದೆ. ಅಮೆರಿಕದವರು ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಈ ಸಾಸನ್ನು ಟರ್ಕಿ ಕೋಳಿ ಜೊತೆ ತಿನ್ನುತ್ತಾರೆ, ನಾವು ವೆನಿಲಾ ಐಸ್ ಕ್ರೀಂ ಮೇಲೆ ಸುರಿದುಕೊಂಡೆವು. ಆದರೆ ಆ ಬೆಲೆಗೆ ವರ್ಷಕ್ಕೊಮ್ಮೆ ಸಾಕು. ಅದೂ ರೈಲಿನಲ್ಲಿ ಬರುವಷ್ಟರಲ್ಲಿ ಕರಗಿ ಬ್ಯಾಗೆಲ್ಲ ಕೆಂಪಾಗಿತ್ತು.

ಇನ್ನು ಮಿಠಾಯಿ. ತೆಂಗಿನಕಾಯಿ ನಮಗೆ ದುಡ್ಡು ಕೊಟ್ಟು ತರುವ ವಸ್ತುವಲ್ಲ, ಗುಬ್ಬಿ ಹತ್ತಿರದ ಊರಿಂದ ಚೀಲದಲ್ಲಿ ಬರುತ್ತದೆ. ಹೆಸರು ಕೊಬ್ಬರಿ ಮಿಠಾಯಿ ಆದರೂ ತಿಪಟೂರಿನ ಒಣಕೊಬ್ಬರಿ ಇದಕ್ಕೆ ಬೇಡ, ಹಸಿ ಕಾಯಿಯೇ ಆಗಬೇಕು. ತುರಿಯುವಾಗ ಕರಟದ ತನಕ ಹೋಗಬೇಡಿ. ಕಂದು ಪುಡಿ ಬಿದ್ದರೆ ಬಿಳಿ ಮಾಸುತ್ತದೆ, ಕೆಂಪು ಎದ್ದು ಕಾಣುವುದಿಲ್ಲ. ಎರಡು ಬಟ್ಟಲು ತುರಿಗೆ ಒಂದೂಕಾಲು ಬಟ್ಟಲು ಸಕ್ಕರೆ ಸಾಕು, ಹಣ್ಣಿನಲ್ಲೇ ಬೇಕಾದಷ್ಟಿದೆ. ಹಣ್ಣು ಒಂದು ಹಿಡಿ, ಕಡಲೆಬೇಳೆ ಗಾತ್ರಕ್ಕೆ ಹೆಚ್ಚಿ. ಚಾಕುವಿಗೆ ಅಂಟಿಕೊಂಡು ಉಂಡೆಯಾಗುತ್ತದೆ, ಮಣೆ ಮೇಲೆ ಒಂದು ಚಮಚ ಕಾಯಿತುರಿ ಉದುರಿಸಿಕೊಂಡು ಹೆಚ್ಚಿದರೆ ಬಿಡಿಬಿಡಿಯಾಗಿ ಬರುತ್ತದೆ.

ಹಣ್ಣು ಹಾಕುವ ಹೊತ್ತು ಮುಖ್ಯ. ಸಕ್ಕರೆ ಕರಗುವಾಗಲೇ ಹಾಕಿದರೆ ಎರಡು ತೊಂದರೆ. ಮಿಶ್ರಣವೆಲ್ಲ ಮಂಕು ಗುಲಾಬಿಯಾಗುತ್ತದೆ. ಜೊತೆಗೆ ಹುಳಿ ಬಿದ್ದು ಕುದಿದ ಪಾಕ ಸರಿಯಾಗಿ ಹರಳುಗಟ್ಟುವುದಿಲ್ಲ, ಮಿಠಾಯಿ ಎಷ್ಟು ಹೊತ್ತಾದರೂ ಅಂಟಂಟು. ಪಾಕ ಹರಳುಗಟ್ಟದಿರಲಿ ಅಂತ ಜಾಮೂನಿಗೆ ನಿಂಬೆರಸ ಹಿಂಡುತ್ತೇವಲ್ಲ, ಅದೇ ಗುಣ ಇಲ್ಲಿ ತಿರುಗಿ ಬೀಳುತ್ತದೆ. ಅದಕ್ಕೇ ಕಾಯಿ, ಸಕ್ಕರೆ ಎರಡನ್ನೇ ಮಗುಚುತ್ತಾ ಇರಿ. ಬಾಣಲೆ ತಳ ಬಿಟ್ಟು, ಅಂಚಿನಲ್ಲಿ ಬಿಳಿ ಪುಡಿ ಹಿಡಿಯತೊಡಗಿದಾಗ ಏಲಕ್ಕಿ, ಹಣ್ಣು ಹಾಕಿ, ಸೌಟನ್ನು ನಾಲ್ಕು ಸುತ್ತು ತಿರುಗಿಸಿ ಕೂಡಲೇ ತುಪ್ಪ ಸವರಿದ ತಟ್ಟೆಗೆ ಸುರಿದುಬಿಡಿ. ಬಿಸಿ ಇರುವಾಗಲೇ ಗೆರೆ ಎಳೆಯಿರಿ.

ಹಾಲು ಇಲ್ಲ, ಆದ್ದರಿಂದ ಒಡೆಯುವುದೂ ಇಲ್ಲ, ಬಿಸಿ ಮಾಡುವುದೂ ಇಲ್ಲ. ಕಾಯಿಯ ಜಿಡ್ಡಿಗೆ ಆ ಹುಳಿ ಸರಿಯಾದ ಜೋಡಿ. ಬರೀ ಕೊಬ್ಬರಿ ಮಿಠಾಯಿ ಎರಡು ತಿಂದರೆ ಮುಖ ಕಟ್ಟುತ್ತದೆ, ಇದು ಹಾಗಲ್ಲ. ಹೊರಗೆ ಎರಡು ಮೂರು ದಿನ ಇರುತ್ತದೆ. ನಮ್ಮ ಮನೆಯವರ ಊಟದ ಬ್ಯಾಗಿನಲ್ಲಿ ಸಣ್ಣ ಡಬ್ಬಿ ಹೋಗುತ್ತದೆ. ರೈಲಿನಲ್ಲಿ ದಿನಾ ಜೊತೆಗೆ ಕೂರುವವರೂ ಈಗ ಅದನ್ನೇ ಕೇಳುತ್ತಾರಂತೆ. ಅತ್ತೆ ಕೂಡ ಊಟ ಆದ ಮೇಲೆ ಒಂದು ತುಂಡು ತೆಗೆದುಕೊಳ್ಳುತ್ತಾರೆ, ಹುಣಸೆಹಣ್ಣು ಅನ್ನುವುದನ್ನು ಮಾತ್ರ ಬಿಟ್ಟಿಲ್ಲ.

ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವ ಮನೆ ನಿಮ್ಮದಾದರೆ ಪಾಯಸವನ್ನೂ ಮಾಡಬಹುದು, ಹಣ್ಣು ಕೊನೆಗೆ ಹಾಕಿದರೆ ಸಾಕು. ಕಾಯಿ ದುಡ್ಡು ಕೊಟ್ಟೇ ತರಬೇಕು ಅನ್ನುವವರಿಗೆ ಶ್ರೀಖಂಡವೂ ಹೆಚ್ಚುಕಡಿಮೆ ಅಷ್ಟೇ ಖರ್ಚಿನದು. ಪ್ಯಾಕೆಟ್ ಮಾತ್ರ ಕಾಲು ಕೆಜಿಯದ್ದೇ ತನ್ನಿ. ತಟ್ಟೆಗೆ ಒಂದು ಹಿಡಿ ಲೆಕ್ಕದಲ್ಲಿ ಅದೇ ಎಷ್ಟೋ ಸಲಕ್ಕೆ ಬರುತ್ತದೆ, ದೊಡ್ಡ ಪ್ಯಾಕೆಟ್ ಒಡೆದಿಟ್ಟರೆ ಹಣ್ಣು ಗಟ್ಟಿಯಾಗುತ್ತಾ ಹೋಗುತ್ತದೆ.